ಬಾಯ್ತುಂಬ ಕರೆಯದ ಮನೆ

ಫೆಬ್ರವರಿ 8, ಶನಿವಾರ. ಮಧುಗಿರಿ

ಇವರು ಕಾಲು ಮುರಿದುಕೊಂಡದ್ದು ಸಾಲದೆಂದು ನನ್ನ ನೆಮ್ಮದಿಯನ್ನೂ ಮುರಿದರು. ಬೈಕಿನಿಂದ ಬಿದ್ದು, ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದಿರುವ ಗಂಡ, ಮಲಗಿದಲ್ಲಿಂದಲೇ ಫೋನು ಮಾಡಿ, ನನ್ನನ್ನು ಒಂದು ಮಾತೂ ಕೇಳದೆ ಎಲ್ಲ ಏರ್ಪಾಡು ಮಾಡಿಬಿಟ್ಟಿದ್ದಾರೆ. ನಮ್ಮ ಮಗಳು ಸ್ಪಂದನಾಳ ಮದುವೆಯ ಪತ್ರಿಕೆ ಹಂಚಲು ನನ್ನ ಜೊತೆ ಬರುವವಳು ಓಬಳಮ್ಮ. ನನ್ನ ವಾರಗಿತ್ತಿ, ಭಾವ ಚಿಕ್ಕರಂಗಯ್ಯನವರ ಹೆಂಡತಿ. ತಾವರೆಕೆರೆಯ ಆ ಹೆಂಗಸಿನ ಜೊತೆ ಮಾತು ಬಿಟ್ಟು ಏಳು ವರ್ಷವಾಗಿತ್ತು. ಸುಖವಾಗಿದ್ದೆ.

"ಹಿರೀ ಸೊಸೆ ಅವರು. ಕರೆಯೋಕೆ ಹಿರಿಯರು ಒಬ್ಬರು ಜೊತೆಗಿರಬೇಕು ಕಣೆ. ನೀನೊಬ್ಬಳೇ ಹೋದ್ರೆ ಜನ ಏನಂತಾರೆ?" ಅಂದರು.

"ಕುಂಟಿಕೊಂಡು ನೀವೇ ಬನ್ನಿ" ಅಂದೆ. ಗೋಡೆ ಕಡೆ ತಿರುಗಿ ಮಲಗಿದರು.

ನಮ್ಮ ಕಡೆ ಪತ್ರಿಕೆ ಅನ್ನುವುದು ಬರೀ ಕಾಗದ. ವಾಟ್ಸಾಪಿನಲ್ಲಿ ಬಂದರೆ ಅದೂ ಅಲ್ಲ. ಮನೆಗೆ ಹೋಗಬೇಕು, ಹೆಂಗಸರ ಹಣೆಗೆ ಕುಂಕುಮ ಇಡಬೇಕು, ಎಲೆ ಅಡಿಕೆ ಜೊತೆ ಪತ್ರಿಕೆ ಕೈಗಿಟ್ಟು, "ನಮ್ಮ ಮಗಳ ಮದುವೆ, ಮನೆಮಂದಿಯೆಲ್ಲ ಬಂದುಬಿಡಿ" ಎಂದು ಬಾಯ್ತುಂಬ ಕರೆಯಬೇಕು. ಬಾಯಲ್ಲಿ ಕರೆಯದಿದ್ದರೆ ಕರೆದ ಹಾಗಲ್ಲ. ನೂರು ಜನಕ್ಕೆ ಊಟ ಹಾಕಿದರೂ "ಬಾಯ್ಬಿಟ್ಟು ಕರೀಲಿಲ್ಲ" ಎನ್ನುವ ಒಂದು ಮಾತು ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ.

ಇದು ಆ ಮಹಾತಾಯಿಗೆ ಗೊತ್ತಿರಲಿಲ್ಲವೆ? ಅವಳ ಮಗ ಚೇತನನ ಮದುವೆಗೆ ಕರೆಯಲು ಬಂದಳಲ್ಲ, ಆವತ್ತು ನಾನು ಮಕ್ಕಳ ಪೇಪರ್ ತಿದ್ದುತ್ತಾ ಕೂತಿದ್ದೆ. ಬಂದಳು. ಕುಂಕುಮ ಇಟ್ಟಳು. ಪತ್ರಿಕೆ ಕೈಗಿಟ್ಟಳು. ಬಾಯಿ ಹೊಲಿದುಕೊಂಡವಳ ಹಾಗೆ ನಿಂತಳು. ಬಾ ಅನ್ನಲಿಲ್ಲ, ಬರಬೇಡ ಅನ್ನಲಿಲ್ಲ. ಆಮೇಲೆ ನನ್ನ ಎರಡೂ ಕೈ ಹಿಡಿದು ಅಲ್ಲಾಡಿಸಿದಳು, ಅಂಗನವಾಡಿ ಮಗುವನ್ನು ಆಡಿಸುವ ಹಾಗೆ. ಕೈ ಎಳೆದುಕೊಂಡೆ. ಹೊರಟುಹೋದಳು. ಭಾವ ಬೀದಿಯಲ್ಲಿ ಕಾರಿನ ಪಕ್ಕ ಫೋನಿನಲ್ಲಿ ಮುಳುಗಿದ್ದರು, ಹೊಸಿಲು ಕೂಡ ತುಳಿಯಲಿಲ್ಲ. ನಾನು ಆ ಮದುವೆಗೆ ಹೋಗಲಿಲ್ಲ. ಎಕ್ಸಾಂ ಡ್ಯೂಟಿ ಅಂತ ಇವರಿಗೆ ಹೇಳಿದೆ. ಯಾಕೆ ಬರಲಿಲ್ಲ ಎಂದು ಅವರ ಮನೆಯವರು ಕೇಳಲೂ ಇಲ್ಲ. ನಾನೂ ಹೇಳಲು ಹೋಗಲಿಲ್ಲ.

ಈಗ ದೇವರು ಕಣ್ಣು ಬಿಟ್ಟಿದ್ದಾನೆ. ಜೊತೆಯಲ್ಲಿ ಅಲೆದವರನ್ನೂ ಕೊನೆಗೆ ಅವರ ಮನೆಗೇ ಹೋಗಿ ಕರೆಯಬೇಕಲ್ಲ. ಹೋಗುತ್ತೇನೆ. ಕುಂಕುಮ ಇಡುತ್ತೇನೆ, ಪತ್ರಿಕೆ ಕೊಡುತ್ತೇನೆ, ಬಾಯಿ ಮಾತ್ರ ಬಿಡುವುದಿಲ್ಲ. ಉಳಿದ ಊರಿಗೆಲ್ಲ ಬಾಯ್ತುಂಬ, ಅವಳೊಬ್ಬಳಿಗೆ ಮೌನ. ಅವಳದೇ ಮದ್ದು ಅವಳಿಗೇ ಕುಡಿಸಬೇಕು.

ಬೆಳಿಗ್ಗೆಯಿಂದ ಗಂಟಲಲ್ಲಿ ಏನೋ ಕೆರೆತ. ಸೀಮೆಸುಣ್ಣದ ಧೂಳಿರಬೇಕು.

ಫೆಬ್ರವರಿ 9, ಭಾನುವಾರ

ಇವತ್ತು ಕೊರಟಗೆರೆ ಕಡೆ. ಬಾಡಿಗೆ ಕಾರು, ಡ್ರೈವರ್ ಅಶ್ವತ್ಥ. ಸಾಧು ಮನುಷ್ಯ, ಆದರೆ ಎಸಿ ಹಾಕಿದರೆ ನಿಲ್ಲಿಸುವುದು ಗೊತ್ತಿಲ್ಲ.

ನಿನ್ನೆ ರಾತ್ರಿಯೇ ಬಂದಿಳಿದಿದ್ದ ಆ ಹೆಂಗಸು ಒಂದು ಬಟ್ಟೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿತ್ತು. ಒಳಗೆ ಫ್ಲಾಸ್ಕು, ಡಬ್ಬಿಗಳು, ಎಲೆ, ಬೇರು. ಪತ್ರಿಕೆ ಹಂಚಲು ಹೊರಟಿದ್ದಾಳೋ ನಾಟಿ ವೈದ್ಯಕ್ಕೆ ಹೊರಟಿದ್ದಾಳೋ!

"ಏನ್ ಮೇಡಮ್ಮಾರೆ, ಸೆನ್ನಾಗಿದೀರಾ?" ಅಂದಳು. ಏಳು ವರ್ಷದ ಮೇಲೆ ಮೊದಲ ಮಾತು. ಹ್ಞೂಂ ಅಂದೆ. ಆ ಹ್ಞೂಂ ಕೇಳಿದ್ದೇ ಮುಂದಕ್ಕೆ ಬಗ್ಗಿ, "ಅಪ್ಪಾ, ಎಸಿ ಆಫ್ ಮಾಡು. ಇವಮ್ಮನ ಗಂಟ್ಲು ಒಡೆದ ಮಡಕೆ ಆಗೈತೆ" ಅಂದಳು.

ನನ್ನ ಗಂಟಲಿನ ಯಜಮಾನಿಕೆ ಇವಳಿಗೆ ಕೊಟ್ಟವರು ಯಾರು? "ಇರಲಿ ಅಶ್ವತ್ಥ, ನನಗೆ ಸೆಕೆ" ಅಂದೆ. ಕೊರಟಗೆರೆಯವರೆಗೂ ಸೆರಗು ಹೊದ್ದು ನಡುಗುತ್ತಾ ಕೂತೆ. ಅವಳೂ ನಡುಗಿದಳು, ಅಷ್ಟು ಸಮಾಧಾನ.

ಹೋದ ಮನೆಯಲ್ಲೆಲ್ಲ ಒಂದೇ ಕಥೆ. ಚಾಪೆ, ಕುರ್ಚಿ, ಫ್ಯಾನು, ಫ್ರಿಜ್ಜಿನಿಂದ ತೆಗೆದ ಕಿತ್ತಳೆ ಬಣ್ಣದ ಜ್ಯೂಸು. ಬೇಡ ಅಂದರೆ "ಬಾಯಿಗೇನೂ ಹಾಕ್ಕಳ್ದೆ ಹೋದ್ರೆ ನಾವು ಮದ್ವೆಗೆ ಹೆಂಗಮ್ಮ ಬರಾದು?" ಅಂತಾರೆ. ಕುಡಿದೆ. ಕರೆದೆ. ಮತ್ತೊಂದು ಮನೆ, ಮತ್ತೆ ಕುಡಿದೆ, ಮತ್ತೆ ಕರೆದೆ. ಅಲ್ಲಿಂದ ಮುಂದಿನ ಮನೆಯಲ್ಲಿ ಲೋಟ ತುಟಿಗೆ ಹಿಡಿಯುವಷ್ಟರಲ್ಲಿ ಓಬಳಮ್ಮ ಪಕ್ಕದಿಂದ ಕೈ ಹಾಕಿ, "ಬುಡು ಇತ್ಲಾಗೆ" ಎಂದು ಕಿತ್ತುಕೊಂಡು ಗಟಗಟ ಕುಡಿದಳು. ತನ್ನದೂ ಕುಡಿದಳು, ನನ್ನದೂ ಕುಡಿದಳು. ಮನೆಯವರು ನಕ್ಕರು. ನನಗೆ ನಾಚಿಕೆಯಾಯಿತು. ಆಮೇಲೆ ಎಲ್ಲ ಮನೆಯಲ್ಲೂ ಇದೇ ಚಾಳಿ. ಜ್ಯೂಸು ಕಾಣದ ಬಕಾಸುರ ವಂಶ.

ಸಂಜೆ ಕಾರಿನಲ್ಲಿ ಫ್ಲಾಸ್ಕಿನ ಮುಚ್ಚಳಕ್ಕೆ ಏನೋ ಕಪ್ಪಗಿನದು ಬಗ್ಗಿಸಿ ಕೊಟ್ಟಳು. ಮೆಣಸು, ಶುಂಠಿ, ಬೆಲ್ಲ, ಮತ್ತೇನೋ ಸೊಪ್ಪು. ಕಿಟಕಿಯಿಂದ ಚೆಲ್ಲಿದೆ. ಅವಳು ನೋಡಿದಳು. ಮುಚ್ಚಳ ಒರೆಸಿ ಮತ್ತೆ ಹಾಕಿದಳು.

ಫೆಬ್ರವರಿ 10, ಸೋಮವಾರ

ಮೂಗು ಕಟ್ಟಿದೆ. ಕ್ಲಾಸಿನಲ್ಲಿ ದನಿ ಒಡೆದು ಮಕ್ಕಳು ಕಿಸಕ್ಕೆಂದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಡಾಕ್ಟರುಗಳೇ. ಒಬ್ಬರು ದೊಡ್ಡಪತ್ರೆ ಸುಟ್ಟು ರಸ ಹಿಂಡು ಅಂದರು, ಒಬ್ಬರು ಲವಂಗ ಕಚ್ಚಿಕೊಂಡಿರು ಅಂದರು, ಹೆಡ್ ಮಾಸ್ತರರು ರಜೆ ಮಾತ್ರ ಕೊಡುವುದಿಲ್ಲ ಅಂದರು.

ಫೆಬ್ರವರಿ 12, ಬುಧವಾರ

ಇವತ್ತಿನ ಅವಮಾನವನ್ನು ಬರೆದಿಡಬೇಕು.

ಅಂತೂ ಎರಡು ದಿನದ ರಜೆ ಗಿಟ್ಟಿಸಿ ಶಿರಾ ಕಡೆ ಹೊರಟೆವು. ತಾವರೆಕೆರೆಗೆ ಇವತ್ತು ಹೋಗಲಿಲ್ಲ, ಅದು ಕೊನೆಯ ಮನೆ. ಬೆಳಿಗ್ಗೆ ಏಳುವಾಗ ಗಂಟಲಲ್ಲಿ ಮುಳ್ಳು. ಶಿರಾ ಬಸ್ ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿ ಓಬಳಮ್ಮ ಒಂದು ಗಿಡಮೂಲಿಕೆ ಅಂಗಡಿಗೆ ನುಗ್ಗಿದಳು. ಅಂಗಡಿಯ ಮುದುಕರು ಕಾರಿನವರೆಗೂ ಬಂದು ನನ್ನ ಬಾಯಿ ತೆಗೆಸಿ, ಬೀದಿಯ ಜನ ನೋಡುವ ಹಾಗೆ ಇಣುಕಿದರು. "ಜೋಶಾಂದಾ ಕುದ್ಸಿ ಕುಡೀರಿ ಅಮ್ಮಾ. ಗರಂ ಗರಂ. ಮಾತು ಕಮ್ಮಿ ಮಾಡ್ರಿ" ಅಂದರು. ಮಾತು ಕಮ್ಮಿ ಮಾಡು ಎಂದು ಪತ್ರಿಕೆ ಹಂಚುವವಳಿಗೆ ಹೇಳುವುದು ಎಂಥ ಬುದ್ಧಿ!

ಓಬಳಮ್ಮ ಪಕ್ಕದ ಹೋಟೆಲಿನಲ್ಲಿ ಅದನ್ನು ಕುದಿಸಿಯೇ ತಂದಳು. ಹೋಟೆಲಿನವನ ಜೊತೆ ಜಗಳ ಮಾಡಿ ಕುದಿಸಿದಳಂತೆ. ಚೆಲ್ಲೋಣವೆಂದರೆ ಕಿಟಕಿಯ ಗಾಜು ಏರಿಸಿಬಿಟ್ಟಿದ್ದಳು. ಕುಡಿದೆ. ವಾಸನೆ ಅಷ್ಟೇನೂ ಕೆಟ್ಟದಿರಲಿಲ್ಲ.

ಮಧ್ಯಾಹ್ನ ಕದಿರಯ್ಯನವರ ಮನೆ. ನಮ್ಮ ಮಾವನವರ ಅಣ್ಣ, ವಂಶಕ್ಕೆ ಉಳಿದಿರುವ ಒಬ್ಬರೇ ಹಿರಿಯರು, ಕಿವಿ ಮಂದ, ಸಿಟ್ಟು ಚುರುಕು. ಕುಂಕುಮ ಆಯಿತು, ಪತ್ರಿಕೆ ಆಯಿತು. "ದೊಡ್ಮಾವ, ಸ್ಪಂದನಾ ಮದುವೆ" ಎಂದು ಬಾಯಿ ತೆರೆದೆ. ದನಿ ಅರ್ಧಕ್ಕೇ ಸತ್ತಿತು. ಉಳಿದದ್ದು ಬರೀ ಗಾಳಿ.

"ಏನವ್ವಾ," ಅಂದರು ಕದಿರಯ್ಯ, ಬೀದಿಗೆಲ್ಲ ಕೇಳುವ ಹಾಗೆ, "ಸರ್ಕಾರಿ ಮೇಡಂ ಆಗ್ಬುಟ್ಟೆ ಅಂತ ನಮ್ಮಂತೋರ್ ತಾವ ಬಾಯೂ ಬುಡಲ್ವಾ? ಕಾಗ್ದ ಬಿಸಾಕಿ ಹೋಗಾಕೆ ಪೋಸ್ಟ್ ಮ್ಯಾನ್ ಇಲ್ವಾ?"

ಪತ್ರಿಕೆಯನ್ನು ತಟ್ಟೆಗೆ ವಾಪಸ್ ಇಟ್ಟರು. ಗಂಟಲಿಗೆ ಕೈ ಮಾಡಿ ತೋರಿಸಿದೆ. ಕಣ್ಣು ಮುಚ್ಚಿಕೊಂಡು ಕೂತ ಮುದುಕನಿಗೆ ಏನು ತೋರಿಸಿದರೇನು?

ಆಗ ಓಬಳಮ್ಮ ಎದ್ದಳು. "ಯೋ ದೊಡ್ಮಾವ! ಕೆಮ್ಮಿ ಕೆಮ್ಮಿ ಬಾಯಿ ಹೋಗಿರೋಳ್ನ ಆಡ್ಕಂತೀಯಲ್ಲ, ನಿಂಗೆ ಕಿವಿ ಹೋಗಿರಾದ್ನ ನಾವು ಯಾವತ್ತಾದ್ರೂ ಆಡ್ಕಂಡಿದೀವಾ? ನಾನು ಕರೀತೀನಿ, ಕೇಳುಸ್ಕೋ. ನನ್ ಮಗಳು ಸ್ಪಂದನನ ಮದ್ವೆ! ಹೊಸ ಪಂಚೆ ಉಟ್ಕಂಡು ಹಿಂದಿನ ದಿನಾನೇ ಬಂದ್ಬುಡು. ನೀನು ಬರ್ದೇ ಇದ್ರೆ ನಾನೇ ಬಂದು ಹೊತ್ಕಂಡು ಹೋಯ್ತೀನಿ."

ಮುದುಕ ನಕ್ಕರು. ಪತ್ರಿಕೆ ತೆಗೆದುಕೊಂಡರು. ಮನೆಯವರೆಲ್ಲ ನಕ್ಕರು.

ನನ್ನ ಮಗಳಂತೆ! ಹೆತ್ತವಳು ಪಕ್ಕದಲ್ಲಿ ಕಂಬದ ಹಾಗೆ ನಿಂತಿರುವಾಗ ನನ್ನ ಮಗಳಂತೆ. ಅಲ್ಲಿಂದ ಮುಂದೆ ಎಲ್ಲ ಮನೆಯಲ್ಲೂ ಅವಳೇ ಕರೆದಳು, ನಾನು ಕುಂಕುಮದ ಬಟ್ಟಲು ಹಿಡಿಯುವ ಆಳಾದೆ. ನೋಡಿದವರು ಮದುವೆ ಅವಳ ಮನೆಯದೆಂದೇ ತಿಳಿದಾರು. ಹೊಟ್ಟೆ ಉರಿದುಹೋಯಿತು.

ವಾಪಸ್ ಬರುವಾಗ ಅಶ್ವತ್ಥ, "ಓಬಳಮ್ಮಾರೆ, ನಿಮಗೆ ಶುಗರ್ ಐತೆ ಅಂತೀರ, ಇವತ್ತು ಎಷ್ಟು ಲೋಟ ಜ್ಯೂಸ್ ಇಳಿಸಿದ್ರಿ?" ಎಂದು ಕೇಳಿದ.

"ನೀನು ರಸ್ತೆ ನೋಡ್ಕಂಡು ಓಡ್ಸಪ್ಪ" ಅಂದಳು.

ಶುಗರ್ ಇಟ್ಟುಕೊಂಡೂ ನಾಲಿಗೆ ಹಿಡಿತದಲ್ಲಿಲ್ಲ ನೋಡಿ. ಹಣೆಬರಹ.

ಫೆಬ್ರವರಿ 13, ಗುರುವಾರ

ರಾತ್ರಿಯೆಲ್ಲ ಕೆಮ್ಮು. "ಪಕ್ಕದ ಕೋಣೆಗೆ ಹೋಗ್ತೀಯಾ?" ಎಂದರು ನನ್ನ ಪತಿದೇವರು. ಪ್ಲಾಸ್ಟರ್ ಹಾಕಿದ ಕಾಲಿಗೆ ಆರು ವಾರದಿಂದ ಸೇವೆ ಮಾಡುತ್ತಿರುವವಳು ನಾನು.

ಓಬಳಮ್ಮ ಇಲ್ಲೇ ಬಿಟ್ಟುಹೋದ ಪೊಟ್ಟಣದಿಂದ ಅತಿಮಧುರದ ಒಂದು ಚೂರು ತೆಗೆದು ದವಡೆಯಲ್ಲಿಟ್ಟುಕೊಂಡೆ. ಅದರಿಂದ ಕೆಮ್ಮು ನಿಂತಿತೆಂದೇನಲ್ಲ. ನಿದ್ದೆ ಬಂತು ಅಷ್ಟೇ.

ಫೆಬ್ರವರಿ 15, ಶನಿವಾರ

ಪಾವಗಡ ತಾಲ್ಲೂಕು, ತಿರುಮಣಿ. ಮಾರಕ್ಕ ಅತ್ತಿಗೆಯ ಮನೆ. ಇವರಿಗೂ ಭಾವನಿಗೂ ಅಕ್ಕ. ನಮ್ಮ ಮನೆಯಲ್ಲಿ ಹೆಣ್ಣಿಗೆ ಬಾಸಿಂಗ ಕಟ್ಟುವುದು ಸೋದರತ್ತೆ. ಮಾರಕ್ಕ ಮುನಿಸಿಕೊಂಡರೆ ಬಾಸಿಂಗ ಹಿಡಿದುಕೊಂಡು ಯಾರ ಮುಂದೆ ನಿಲ್ಲುವುದು? ಹೊಲವೆಲ್ಲ ಸೋಲಾರಿನವರಿಗೆ ಗುತ್ತಿಗೆಗೆ ಹೋದ ಮೇಲೆ ಅತ್ತಿಗೆಗೆ ಬೇರೆ ಕೆಲಸವಿಲ್ಲ. ಯಾರು ಕರೆದರು, ಯಾರು ಕರೆಯಲಿಲ್ಲ, ಕರೆದವರು ನಗುನಗುತ್ತ ಕರೆದರೋ ಮುಖ ಗಂಟು ಹಾಕಿ ಕರೆದರೋ, ಅದನ್ನೇ ಹೊಲದ ಬದಲು ಉಳುತ್ತಾರೆ.

ಅದಕ್ಕೇ ಎರಡು ದಿನದಿಂದ ದನಿ ಕೂಡಿಟ್ಟಿದ್ದೆ. ಬೇರೆ ಯಾರಿಗಾದರೂ ಓಬಳಮ್ಮ ಕರೆಯಲಿ, ಮಾರಕ್ಕನನ್ನು ನಾನೇ ಕರೆಯಬೇಕು.

ದಾರಿಯುದ್ದಕ್ಕೂ ಓಬಳಮ್ಮನ ದರಬಾರು. ಎಸಿ ಹಾಕುವ ಹಾಗಿಲ್ಲ. ಕಿಟಕಿ ಒಂದು ಬೆರಳಿನಷ್ಟು ಮಾತ್ರ. ನಡುದಾರಿಯಲ್ಲಿ ಹೊಂಗೆಮರದ ಕೆಳಗೆ ಕಾರು ನಿಲ್ಲಿಸಿ, ಫ್ಲಾಸ್ಕಿನಿಂದ ಉಪ್ಪು ಹಾಕಿದ ಬಿಸಿನೀರು ಬಗ್ಗಿಸಿ, "ಮುಕ್ಕಳ್ಸು" ಅಂದಳು. ರಸ್ತೆ ಪಕ್ಕ ನಿಂತು ತಲೆ ಮೇಲೆತ್ತಿ ಗಳಗಳ ಅನ್ನುತ್ತಿರುವಾಗಲೇ ಪಾವಗಡದ ಬಸ್ಸು ಬರಬೇಕೆ? ಕಿಟಕಿಗೊಂದು ತಲೆ. ಓಬಳಮ್ಮ ಸೆರಗು ಅಗಲಿಸಿ ಹಿಡಿದು ನನಗೆ ಅಡ್ಡ ನಿಂತು, "ಏನ್ರೋ ನೋಡ್ತೀರಾ, ನಿಮ್ಮನೇಲಿ ಯಾರಿಗೂ ಗಂಟ್ಲಿಲ್ವಾ?" ಎಂದು ಬಸ್ಸಿಗೇ ಬೈದಳು. ಮಾನ ಉಳಿಸುತ್ತಿದ್ದಾಳೋ ಹರಾಜು ಹಾಕುತ್ತಿದ್ದಾಳೋ ತಿಳಿಯಲಿಲ್ಲ.

ನೀರು ಉಗಿದ ಮೇಲೆ "ಅ" ಅಂದು ನೋಡಿದೆ. ಬಂತು. "ಆ" ಕೂಡ ಬಂತು.

"ಸಾಕು. ಅತ್ಗೆ ಮನೆ ಬರೋಗಂಟ ಬಾಯ್ ಬುಟ್ಟೀಯ, ಜೋಕೆ!"

ಬಾಯಿ ಬಿಡಬೇಡ ಎಂದು ನನಗೆ ಆಜ್ಞೆ ಮಾಡುತ್ತಿದ್ದಾಳೆ, ಯಾರು? ಇವಳು! ಬಾಯಿಬಿಡದ ಮಹಾತಾಯಿ! ಸಿಟ್ಟಿಗೆ ತಲೆ ಸಿಡಿಯಿತು. ಆದರೂ ಬಾಯಿ ಬಿಡಲಿಲ್ಲ. ಮಾರಕ್ಕನ ಸಲುವಾಗಿ.

ತಿರುಮಣಿಯಲ್ಲಿ ಎರಡೂ ಕಡೆ ಸೋಲಾರ್ ಹಲಗೆಗಳು, ನಡುವೆ ಊರು, ನಡುವೆ ಅತ್ತಿಗೆಯ ಜಗಲಿ. ಕುಂಕುಮ ಇಟ್ಟೆ. ಪತ್ರಿಕೆಯ ತಟ್ಟೆ ಎರಡೂ ಕೈಯಲ್ಲಿ ಹಿಡಿದು, ಎಂಜಲು ನುಂಗಿ, "ಅತ್ತಿಗೆ" ಎಂದೆ.

ಅನ್ನಲಿಲ್ಲ. ಅಂದೆ ಅಂದುಕೊಂಡೆ. ಏನೂ ಬರಲಿಲ್ಲ, ಗಾಳಿ ಕೂಡ ಇಲ್ಲ. ಇನ್ನೊಮ್ಮೆ ಬಾಯಿ ತೆರೆದೆ. ಕಣ್ಣಲ್ಲಿ ನೀರು ಬಂತು, ದನಿ ಬರಲಿಲ್ಲ. ಮುಗಿಯಿತು, ಮಗಳ ಬಾಸಿಂಗ ಇಲ್ಲಿಗೇ ಮುಗಿಯಿತು ಅಂದುಕೊಂಡೆ.

ಅತ್ತಿಗೆ ನನ್ನ ಮುಖ ನೋಡಿದರು. ಓಬಳಮ್ಮನ ಮುಖ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಗಲು ಶುರು ಮಾಡಿದರು.

"ಏಮೇ ಲೋಹಿತಾ, ನೋರು ಪೋಯಿಂದಾ? ನಿಂಗೂ ಬಾಯಿ ಹೋಯ್ತಾ? ವಾರಗಿತ್ತೇರು ಇಬ್ರೂ ಒಂದೇ ಅಚ್ಚು ಕಣ್ರೇ! ನಮ್ಮ ಚೇತನನ ಮದ್ವೇಗೆ ಕರಿಯಾಕೆ ಬಂದಾಗ ಇವ್ಳಿಗೂ ಹಿಂಗೇ ಗಂಟ್ಲು ಕಟ್ಕಂಡಿತ್ತಲ್ಲ. ಮನೆಮನೇಲಿ ಐಸು ಹಾಕಿದ ಜೂಸು ಕುಡುದು ಕುಡುದು, ಒಂದಕ್ಷರ ಬರ್ತಿರ್ಲಿಲ್ಲ. ಎರಡೂ ಕೈ ಹಿಡ್ಕಂಡು ಹಿಂಗೆ ಅಲ್ಲಾಡ್ಸಿ ಅಲ್ಲಾಡ್ಸಿ ಕರುದ್ಲು. ಎಲ್ರ ಮನೇಲೂ ಹಂಗೇ ಕರುದ್ಲಂತೆ. ಯಾರಾದ್ರೂ ಬೇಜಾರು ಮಾಡ್ಕಂಡ್ರಾ? ಒಬ್ರೂ ಇಲ್ಲ. ಎಲ್ರೂ ಬಂದಿದ್ರು."

ಎಲ್ಲರೂ ಬಂದಿದ್ದರಂತೆ.

ನಾನು ಓಬಳಮ್ಮನ ಕಡೆ ನೋಡಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಈಗ್ಯಾಕೆ ಅತ್ಗೆ ಆ ಕಥೆ" ಎಂದು ಎದ್ದು ಬಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು. "ಹಿಡ್ಕೋ" ಅಂದಳು. ಏನನ್ನು ಎಂದು ಒಂದು ಗಳಿಗೆ ತಿಳಿಯಲಿಲ್ಲ. ಅತ್ತಿಗೆ ಆಗಲೇ ಎರಡೂ ಕೈ ಚಾಚಿ ಕೂತಿದ್ದರು.

ಹಿಡಿದೆ. ಅಲ್ಲಾಡಿಸಿದೆ.

"ಆತು ಬುಡು, ಬತ್ತೀನಿ. ಬಾಸಿಂಗ ನಂದೇ" ಅಂದರು ಅತ್ತಿಗೆ. ಅಷ್ಟೇ. ಅಷ್ಟು ಸುಲಭ.

ಊಟಕ್ಕೆ ಬಿಸಿ ಮುದ್ದೆ, ಮೆಣಸಿನ ಸಾರು. ಅತ್ತಿಗೆ ಅದನ್ನು ಮಿರಿಯಾಲ ಚಾರು ಅನ್ನುತ್ತಾರೆ. ಮೂಗಲ್ಲಿ, ಕಣ್ಣಲ್ಲಿ ಎಲ್ಲ ಕಡೆ ನೀರು. ಖಾರಕ್ಕೆ.

ವಾಪಸ್ ಬರುವಾಗ ಓಬಳಮ್ಮ ಬಾಯಿ ತೆರೆದುಕೊಂಡು ನಿದ್ದೆ ಹೊಡೆದಳು. ತಲೆ ನನ್ನ ಭುಜದ ಮೇಲೆ ಬಿತ್ತು. ಭಾರದ ತಲೆ. ಎಬ್ಬಿಸೋಣವೆಂದರೆ ದನಿ ಇರಲಿಲ್ಲ.

ಫೆಬ್ರವರಿ 16, ಭಾನುವಾರ

ಹೇಳಬಹುದಿತ್ತಲ್ಲ! ಗಂಟಲು ಹೋಗಿದೆ ಅಂತ ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಇವರನ್ನು ಚೀಟಿಯಲ್ಲಿ ಬರೆದು ಕೇಳಿದೆ. ಓದಿ, ಕನ್ನಡಕ ತೆಗೆದು, ಆರಾಮವಾಗಿ ಹೇಳುತ್ತಾರೆ: "ಹೌದಲ್ಲ, ಆಗ ಓಬಳಮ್ಮ ಅತ್ತಿಗೆಗೆ ಗಂಟಲು ಪೂರ್ತಿ ಹೋಗಿತ್ತು. ಮದುವೆ ದಿನಾನೂ ಕೈಸನ್ನೆಯಲ್ಲೇ ಎಲ್ಲರನ್ನೂ ಊಟಕ್ಕೆ ಕೂರಿಸ್ತಿದ್ರು. ಪಾಪ, 'ಲೋಹಿತಾ ಎಲ್ಲಿ' ಅಂತಾನೂ ಸನ್ನೆಯಲ್ಲೇ ಕೇಳಿದ್ರು. ನಿನಗೆ ಗೊತ್ತಿರಲಿಲ್ವಾ? ಓ, ನೀನು ಬಂದಿರಲಿಲ್ಲ ಅಲ್ವಾ. ಎಕ್ಸಾಂ ಡ್ಯೂಟಿ."

ಏಳು ವರ್ಷ ಈ ಮನುಷ್ಯ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಕೈಯಲ್ಲಿ ಊಟ ಮಾಡಿದ್ದಾರೆ. ಇನ್ನೊಂದು ಕಾಲು ನೆಟ್ಟಗಿದೆ, ಅದನ್ನೂ ಮುರಿಯೋಣ ಅನ್ನಿಸಿತು.

ಅವಳು ಮಾಡಿದ್ದು ತಪ್ಪೇ. ಕೈ ಹಿಡಿದರೆ ಯಾರಿಗೆ ಅರ್ಥವಾಗುತ್ತದೆ?

ಫೆಬ್ರವರಿ 18, ಮಂಗಳವಾರ

ತುಮಕೂರಿನಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರು. ಎಳೆಯ ಹುಡುಗಿ, ನನ್ನ ವಿದ್ಯಾರ್ಥಿನಿಯ ವಯಸ್ಸು. ಬಾಯೊಳಗೆ ದೀಪ ಬಿಟ್ಟು ನೋಡಿ, "ಧ್ವನಿತಂತು ಊದಿಕೊಂಡಿದೆ ಮೇಡಂ. ಒಂದು ವಾರ ಪೂರ್ತಿ ಮೌನ. ಪಿಸುಮಾತು ಕೂಡ ಬೇಡ, ಅದು ಇನ್ನೂ ಕೆಟ್ಟದ್ದು. ಈಗ ಮಾತಾಡಿದ್ರೆ ಮಗಳ ಮದುವೆ ದಿನ ಸೊಲ್ಲೇ ಇರಲ್ಲ" ಎಂದಳು. ಮದುವೆಗೆ ಎರಡು ವಾರವೂ ಇಲ್ಲ. ಧಾರೆ ಎರೆಯುವಾಗ ಮಗಳಿಗೆ ಒಂದು ಮಾತು ಹೇಳಲೂ ಆಗದಿದ್ದರೆ?

ಮನೆಗೆ ಬಂದರೆ ತಾವರೆಕೆರೆ ಕಡೆಯ ಬಸ್ಸಿನಲ್ಲಿ ಪಾರ್ಸೆಲ್ ಬಂದಿತ್ತು. ಹಿಪ್ಪಲಿ ಪುಡಿ, ಜೇನುತುಪ್ಪ, ಕಷಾಯದ ಪುಡಿ. ಕೇಳಿದವರು ಯಾರು? ಬಸ್ ಸ್ಟ್ಯಾಂಡಿಗೆ ಸ್ಪಂದನಾ ಹೋಗಿ ತರಬೇಕಾಯಿತು, ವೃಥಾ ತೊಂದರೆ. ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ ತಿನ್ನುತ್ತೇನೆ, ಬಿಸಾಡುವುದೇಕೆ ಎಂದು.

ಇನ್ನು ಉಳಿದಿರುವುದು ಒಂದೇ ಮನೆ. ಲೆಕ್ಕಕ್ಕೆ ನೋಡಿದರೆ ಒಳ್ಳೆಯದೇ ಆಯಿತು. ಬಾಯಿ ಮುಚ್ಚಿಕೊಂಡಿರು ಎಂದು ಡಾಕ್ಟರೇ ಹೇಳಿದ್ದಾರೆ. ಹೋಗುವುದು, ಪತ್ರಿಕೆ ಕೊಡುವುದು, ಬರುವುದು. ಯಾರೂ ನನ್ನನ್ನು ಬೆರಳು ಮಾಡಿ ತೋರಿಸುವ ಹಾಗಿಲ್ಲ. ಆದರೆ ಅವಳು ಗಂಟಲು ಕೆಟ್ಟಿದೆ, ಪಾಪ ಅಂದುಕೊಳ್ಳುತ್ತಾಳೆ. ನಾನು ಬೇಕೆಂದೇ ಬಾಯಿ ಬಿಡಲಿಲ್ಲವೆಂದು ಅವಳಿಗೆ ತಿಳಿಯುವುದು ಹೇಗೆ? ತಿಳಿಯದಿದ್ದರೆ ಅದೆಂಥ ಸೇಡು? ಯೋಚಿಸಿದಷ್ಟೂ ಕಿರಿಕಿರಿ. ಸೇಡು ತೀರಿಸಿಕೊಳ್ಳಲೂ ಬಿಡದ ಹೆಂಗಸು.

ಫೆಬ್ರವರಿ 20, ಗುರುವಾರ

ತಾವರೆಕೆರೆಗೆ ಹೋಗಿಬಂದೆ.

"ಬಾಯಿ ಬರೋವರೆಗೂ ತಡಿ, ಇಲ್ಲ ಸ್ಪಂದನಾ ಬರಲಿ ಜೊತೆಗೆ" ಎಂದರು ಇವರು. ಮದುವೆ ಹೆಣ್ಣು ತಾನೇ ಹೋಗಿ ಕರೆಯುವುದುಂಟೆ? ಕೈಸನ್ನೆಯಲ್ಲಿ ಬೈದು ಹೊರಟೆ. ಅಶ್ವತ್ಥ ನಾನು ಹತ್ತುವ ಮೊದಲೇ ಎಸಿ ಆರಿಸಿದ. ಓಬಳಮ್ಮ ಫೋನು ಮಾಡಿ ಹೇಳಿದ್ದಳಂತೆ. ಡಾಕ್ಟರು ಹೇಳಿದ್ದನ್ನೆಲ್ಲ ಇವರು ಅವಳಿಗೆ ಆಗಲೇ ಒಪ್ಪಿಸಿದ್ದರು.

ನಾನು ಅವರ ಹೊಸಿಲು ದಾಟಿ ಏಳು ವರ್ಷವಾಗಿತ್ತು. ಭಾವ ಹೊಲಕ್ಕೆ ಹೋಗಿದ್ದರು. ಚೇತನನ ಹೆಂಡತಿ ತೇಜಸ್ವಿನಿ "ಚಿಕ್ಕತ್ತೆ ಬಂದ್ರು" ಎಂದು ಕೂಗಿ, ಓಡಿಹೋಗಿ ಎರಡು ಲೋಟ ಜ್ಯೂಸು ತಂದಿಟ್ಟಳು. ಆ ಹುಡುಗಿಗೆ ಏನು ಗೊತ್ತು! ನಾನು ಅವಳ ಮದುವೆಗೇ ಹೋಗದವಳು. ಲೋಟದ ಮೈಯೆಲ್ಲ ತಣ್ಣನೆ ಬೆವರು. ಓಬಳಮ್ಮ ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದವಳೇ, ರೂಢಿಯಂತೆ, ನನ್ನ ಲೋಟಕ್ಕೆ ಕೈ ಹಾಕಿದಳು. ನಾನು ಎರಡೂ ಲೋಟ ಎತ್ತಿಕೊಂಡು ಹೋಗಿ ಅಂಗಳದ ಕರಿಬೇವಿನ ಬುಡಕ್ಕೆ ಸುರಿದುಬಂದೆ. ಸಕ್ಕರೆ ಕಾಯಿಲೆಯವಳಿಗೆ ಸಿಕ್ಕಬಾರದು ಅಂತೇನಲ್ಲ. ನನಗೆ ಆ ಬಣ್ಣ ಕಂಡರೆ ಆಗುವುದಿಲ್ಲ.

"ಅಯ್ಯೋ, ಗಿಡ ಸಾಯ್ತದೆ ಕಣೇ" ಅಂದಳು.

ಕುಂಕುಮ ಇಟ್ಟೆ. ಹಣೆ ಬಿಸಿಲಿಗೆ ಕಪ್ಪಾಗಿದೆ, ಮೊದಲು ಹಾಗಿರಲಿಲ್ಲ. ಎಲೆ ಅಡಿಕೆ ಇಟ್ಟೆ. ಪತ್ರಿಕೆ ಕೈಗಿಟ್ಟೆ. ಎಲ್ಲ ನಾನು ಯೋಚಿಸಿದ ಹಾಗೇ ನಡೆಯಿತು. ಇನ್ನು ತಿರುಗಿ ಕಾರು ಹತ್ತುವುದಷ್ಟೇ ಬಾಕಿ. ಅವಳು ಪತ್ರಿಕೆ ಕಣ್ಣಿಗೊತ್ತಿಕೊಂಡು, ಸೆರಗಿಗೆ ಕೈ ಉಜ್ಜಿ ಒಣಗಿಸಿ, ಎರಡೂ ಕೈ ಚಾಚಿ ನಿಂತಳು. ಮಾರಕ್ಕ ಚಾಚಿದ ಹಾಗೆ.

ನಾನು ಹಿಡಿಯಲಿಲ್ಲ. ಕೈ ಹಿಡಿದರೆ ಯಾರಿಗೆ ಅರ್ಥವಾಗುತ್ತದೆ?

"ಅಕ್ಕಾ" ಅಂದೆ.

ಅದು ದನಿಯಲ್ಲ. ತಗಡು ಎಳೆದ ಸದ್ದು. ಅಡುಗೆಮನೆಯಿಂದ ತೇಜಸ್ವಿನಿ ಹೆದರಿ ಇಣುಕಿದಳು. ಗಂಟಲಿಗೆ ಯಾರೋ ಬ್ಲೇಡು ಹಾಕಿದ ಹಾಗಾಯಿತು, ಆದರೂ ನಿಲ್ಲಿಸಲಿಲ್ಲ. "ಅಕ್ಕಾ, ಸ್ಪಂದನಾ ಮದುವೆ. ನಿಮ್ಮ ಮಗಳ..."

ಅಷ್ಟರಲ್ಲಿ ನುಗ್ಗಿಬಂದು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಬಲವಾಗಿ, ಹಲ್ಲು ತುಟಿಗೆ ಒತ್ತುವ ಹಾಗೆ. ಕೈಯೆಲ್ಲ ಬೆಳ್ಳುಳ್ಳಿ ವಾಸನೆ.

"ಮುಚ್ಚೇ ಬಾಯಿ! ಡಾಕ್ಟ್ರು ಏನ್ ಹೇಳವ್ರೆ ನಿಂಗೆ? ಧಾರೆ ದಿನ ಮಗೀಗೆ ಒಂದ್ ಮಾತು ಹೇಳಾದು ಬ್ಯಾಡ್ವಾ? ಓದಿದೋಳಂತೆ, ಓದಿದೋಳು! ಕರೀ ಅಂತ ಯಾರ್ ಕೇಳಿದ್ರೇ ನಿನ್ನ? ಇನ್ನೊಂದು ಸೊಲ್ಲು ಎತ್ತಿದ್ಯೋ, ನಾನು ಮದ್ವೆಗೇ ಬರಲ್ಲ ನೋಡು!"

ಬೈಯುತ್ತಾ ಅವಳ ಮೂಗು ಸೋರುತ್ತಿತ್ತು. ಅವಳಿಗೂ ನೆಗಡಿ ಹತ್ತಿರಬೇಕು, ನನ್ನಿಂದಲೇ. ಕೈ ಮಾತ್ರ ತೆಗೆಯಲಿಲ್ಲ. ನಾನೂ ತೆಗೆಸಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ತಿಳಿಯದು, ಕೊನೆಗೆ ಅಶ್ವತ್ಥ ಬಂದು ಕೆಮ್ಮಿದ.

ಈಗ ಗಂಟಲು ಉರಿಯುತ್ತಿದೆ, ಮೊದಲಿಗಿಂತ ಹೆಚ್ಚು. ಡಾಕ್ಟರಿಗೆ ಏನೆಂದು ಹೇಳುವುದು? ಯಾಕೆ ಬಾಯಿ ಬಿಟ್ಟೆನೋ ನನಗೇ ಗೊತ್ತಿಲ್ಲ. ಇಷ್ಟು ವರ್ಷ ಕಾದು, ಇಷ್ಟು ಊರು ಸುತ್ತಿ, ಕೈಗೆ ಬಂದ ತುತ್ತನ್ನು ನಾನೇ ಚೆಲ್ಲಿಕೊಂಡೆ. ಎಲ್ಲ ಅವಳಿಂದಲೇ ಆದದ್ದು.

ಹಿಪ್ಪಲಿ ಪುಡಿ ನಾಳೆಗೆ ಮುಗಿಯುತ್ತದೆ. ಕಳಿಸು ಎಂದು ಅಕ್ಕನಿಗೆ ಮೆಸೇಜು ಹಾಕಿದ್ದೇನೆ. ಮದುವೆಯವರೆಗೂ ಸೊಲ್ಲೆತ್ತುವುದಿಲ್ಲ. ಅಕ್ಕ ಹೇಳಿದಳೆಂದಲ್ಲ, ಡಾಕ್ಟರು ಹೇಳಿದ್ದಾರೆ.